ದ್ರಾಕ್ಷಿಗೊಂಚಲು ಗರ್ಭ: ರಕ್ತದ ಲೆಕ್ಕ ಮುಗಿಯುವ ತನಕ

ಮುಟ್ಟು ನಿಂತು ಎರಡು ತಿಂಗಳಾಗಿರುತ್ತದೆ. ವಾಂತಿ ವಿಪರೀತವಾಗಿರುತ್ತದೆ. ಆಶಾ ಕಾರ್ಯಕರ್ತೆಯು ತಂದುಕೊಟ್ಟ ‘ನಿಶ್ಚಯ್’ ಪಟ್ಟಿಯಲ್ಲಿ ಎರಡು ಗೆರೆಗಳು ಮೂಡಿರುತ್ತವೆ. ಗರ್ಭ ನಿಂತಿತೆಂದು ಮನೆಯವರೆಲ್ಲರೂ ಸಂತೋಷಪಡುತ್ತಾರೆ. ಆದರೆ ಮೂರನೆಯ ತಿಂಗಳಿನಲ್ಲಿ ಕಂದು ಬಣ್ಣದ ಸ್ರಾವವು ಆರಂಭವಾಗಿ, ಸ್ಕ್ಯಾನಿಂಗ್ ಮಾಡಿ ನೋಡಿದಾಗ ಗರ್ಭಕೋಶದೊಳಗೆ ಮಗುವೇ ಇರುವುದಿಲ್ಲ. ಮಗುವಿರಬೇಕಾದ ಸ್ಥಳದಲ್ಲಿ ನೀರು ತುಂಬಿದ ಗುಳ್ಳೆಗಳು ಗೊಂಚಲು ಗೊಂಚಲಾಗಿ ಬೆಳೆದಿರುತ್ತವೆ. ಇದನ್ನೇ ದ್ರಾಕ್ಷಿಗೊಂಚಲು ಗರ್ಭವೆಂದು ಕರೆಯುತ್ತಾರೆ. ಕೋಲಾರ ಜಿಲ್ಲೆಯು ಮೂರು ಭಾಷೆಗಳ ಸೀಮೆಯಾದುದರಿಂದ ಇದಕ್ಕೆ ಹೆಸರುಗಳೂ ಹಲವು. ತೆಲುಗು ಮನೆಗಳಲ್ಲಿ ‘ಮುತ್ಯಾಲ ಗರ್ಭಂ’ ಎಂದೂ, ಕೋಲಾರ ಚಿನ್ನದ ಗಣಿ ಪ್ರದೇಶದ ತಮಿಳು ಕುಟುಂಬಗಳಲ್ಲಿ ‘ಮುತ್ತುಪ್ಪಿಳ್ಳೈ’ ಎಂದೂ ಹೇಳುವುದುಂಟು. ಹೆಸರು ಮುತ್ತಿನದಾದರೂ ಈ ಗರ್ಭದಿಂದ ಮಗು ಹುಟ್ಟುವುದಿಲ್ಲ. ಅದನ್ನು ಆದಷ್ಟು ಬೇಗನೆ ಹೊರತೆಗೆಯಲೇಬೇಕು.

ಗರ್ಭವನ್ನು ತೆಗೆಸಿದ ಮಾತ್ರಕ್ಕೆ ಈ ಪ್ರಕರಣವು ಮುಗಿಯಲಿಲ್ಲ. ಆ ನಂತರದ ತಿಂಗಳುಗಳಲ್ಲಿ ಗಂಡ ಹೆಂಡಿರಿಬ್ಬರೂ ಮಾಡಬೇಕಾದ ಕೆಲಸ ಒಂದಿದೆ. ಅದನ್ನು ವಿವರಿಸುವುದೇ ಈ ಪಾಠದ ಉದ್ದೇಶವಾಗಿದೆ.

ಇದು ಏಕೆ ಆಗುತ್ತದೆ?

ಗರ್ಭ ಕಟ್ಟಿದ ದಿನಗಳಿಂದಲೇ ಒಂದು ಭಾಗವು ಮಗುವಾಗಿಯೂ ಮತ್ತೊಂದು ಭಾಗವು ಮಾಸಾಗಿಯೂ ಬೆಳೆಯುವುದು ಸೃಷ್ಟಿಯ ಕ್ರಮ. ಕೆಲವೊಮ್ಮೆ ಅಂಡದೊಳಗೆ ತಾಯಿಯ ಕಡೆಯ ವಂಶವಾಹಿಗಳು ಇಲ್ಲದೆಯೇ ಹೋಗಿ, ತಂದೆಯ ಕಡೆಯವು ಮಾತ್ರ ಇಮ್ಮಡಿಯಾಗಿ ಬೆಳವಣಿಗೆಯು ಆರಂಭವಾಗಿಬಿಡುತ್ತದೆ. ಆಗ ಮಗು ರೂಪುಗೊಳ್ಳುವುದಿಲ್ಲ. ಮಾಸು ಮಾತ್ರ ಹದ್ದುಮೀರಿ ಬೆಳೆಯುತ್ತದೆ. ಇದು ಪೂರ್ಣ ಗೊಂಚಲು. ಒಂದು ಅಂಡಕ್ಕೆ ಎರಡು ವೀರ್ಯಾಣುಗಳು ಸೇರಿದಾಗ ಸಾಮಾನ್ಯವಾಗಿ ಅಪೂರ್ಣ ಗೊಂಚಲು ಆಗುತ್ತದೆ. ಹಲವು ದೇಶಗಳ ಲೆಕ್ಕದಂತೆ ಸುಮಾರು ಸಾವಿರ ಗರ್ಭಗಳಿಗೆ ಒಂದೋ ಎರಡೋ ಹೀಗಾಗುತ್ತವೆ. ತೀರ ಎಳೆಯ ವಯಸ್ಸಿನಲ್ಲಿಯೂ, ನಲವತ್ತು ದಾಟಿದ ಮೇಲೂ ಆಗುವ ಸಂಭವವು ಹೆಚ್ಚು. ಗ್ರಹಣದ ದಿನ ಹೊರಗೆ ಬಂದುದರಿಂದಾಗಲಿ, ಪಪ್ಪಾಯಿ ತಿಂದುದರಿಂದಾಗಲಿ, ಯಾರದೋ ದೃಷ್ಟಿ ತಾಗಿದುದರಿಂದಾಗಲಿ ಇದು ಆಗುವುದಿಲ್ಲ. ಸೊಸೆಯ ಕಾಲ್ಗುಣವನ್ನು ಹಳಿಯುವ ಅತ್ತೆಯರು ಈ ಸಾಲನ್ನು ಎರಡು ಸಲ ಓದತಕ್ಕದ್ದು.

ತಿಂಗಳಿಗಿಂತ ಹೊಟ್ಟೆಯು ದೊಡ್ಡದಾಗಿ ಕಾಣುವುದು, ನಿಲ್ಲದ ವಾಂತಿ, ಐದು ತಿಂಗಳು ತುಂಬುವ ಮೊದಲೇ ರಕ್ತದ ಒತ್ತಡವು ಏರುವುದು, ಸ್ರಾವದೊಡನೆ ದ್ರಾಕ್ಷಿಯಂತಹ ಗುಳ್ಳೆಗಳು ಬೀಳುವುದು, ಇವು ಲಕ್ಷಣಗಳು. ಈಗ ಮೂರು ತಿಂಗಳೊಳಗೇ ಸ್ಕ್ಯಾನಿಂಗ್ ಆಗುವುದರಿಂದ ಗುಳ್ಳೆಗಳು ದೊಡ್ಡದಾಗುವ ಮೊದಲೇ ಅನೇಕ ವೇಳೆ ಪತ್ತೆಯಾಗುತ್ತದೆ. ಅಂಗಡಿಯಿಂದ ಮಾತ್ರೆ ತಂದು ನುಂಗಿ ಇದನ್ನು ಕಳೆದುಕೊಳ್ಳಲು ಯತ್ನಿಸುವುದು ಪ್ರಾಣಾಪಾಯ. ರಕ್ತ ಕೊಡುವ ಅನುಕೂಲವಿರುವ ಆಸ್ಪತ್ರೆಯಲ್ಲಿ ಹೀರುಕೊಳವೆಯ ಮೂಲಕ ಹೊರತೆಗೆಸಬೇಕು. ತೆಗೆದುದನ್ನು ಪ್ರಯೋಗಶಾಲೆಗೆ ಕಳುಹಿಸಿ ಅದು ಪೂರ್ಣ ಗೊಂಚಲೋ ಅಪೂರ್ಣವೋ ಎಂಬುದನ್ನು ತಿಳಿದುಕೊಳ್ಳಬೇಕು. ಆ ವರದಿಯ ಕಾಗದವನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು.

ರಕ್ತದಲ್ಲಿ ಸಿಗುವ ಸುಳಿವು

ಮಾಸಿನ ಜೀವಕೋಶಗಳು ಎಚ್.ಸಿ.ಜಿ. ಎಂಬ ಒಂದು ಹಾರ್ಮೋನನ್ನು ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತವೆ. ಮೂತ್ರದ ಪಟ್ಟಿಯಲ್ಲಿ ಎರಡನೆಯ ಗೆರೆಯನ್ನು ಮೂಡಿಸುವುದು ಇದೇ. ಗರ್ಭವಿಲ್ಲದ ಹೆಂಗಸಿನ ರಕ್ತದಲ್ಲಿ ಇದರ ಅಳತೆಯು ಸಾಮಾನ್ಯವಾಗಿ ೫ಕ್ಕಿಂತ ಕಡಿಮೆ. ಗೊಂಚಲು ಗರ್ಭದಲ್ಲಿ ಅದು ಎಷ್ಟೋ ವೇಳೆ ಒಂದು ಲಕ್ಷವನ್ನು ಮೀರುತ್ತದೆ. ಗೊಂಚಲನ್ನು ತೆಗೆದ ಮೇಲೆ ಈ ಅಂಕಿಯು ವಾರದಿಂದ ವಾರಕ್ಕೆ ಇಳಿಯುತ್ತಾ ಬಂದು, ಸುಮಾರು ಎರಡು ತಿಂಗಳ ಹೊತ್ತಿಗೆ ೫ರ ಕೆಳಗೆ ಬರಬೇಕು.

ಇಳಿಯದಿದ್ದರೆ ಅರ್ಥವೇನು? ಆ ಹಾರ್ಮೋನನ್ನು ತಯಾರಿಸುವ ಕೋಶಗಳು ದೇಹದಲ್ಲಿ ಎಲ್ಲಿಯೋ ಉಳಿದಿವೆ, ಬೆಳೆಯುತ್ತಿವೆ ಎಂದು ಅರ್ಥ. ಪೂರ್ಣ ಗೊಂಚಲಿನ ನಂತರ ನೂರರಲ್ಲಿ ಹದಿನೈದರಿಂದ ಇಪ್ಪತ್ತು ಮಂದಿಯಲ್ಲಿ ಹೀಗೆ ಉಳಿದ ಕೋಶಗಳು ಕ್ಯಾನ್ಸರಿನ ಸ್ವಭಾವವನ್ನು ತಾಳುತ್ತವೆ. ಅಪೂರ್ಣ ಗೊಂಚಲಿನಲ್ಲಿ ಈ ಸಂಭವವು ಬಹಳ ಕಡಿಮೆ. ಮಾಸಿನ ಕೋಶಗಳಿಗೆ ರಕ್ತನಾಳವನ್ನು ಹುಡುಕಿಕೊಂಡು ಹೋಗುವ ಗುಣವು ಹುಟ್ಟಿನಿಂದಲೇ ಇರುವುದರಿಂದ ಈ ಕ್ಯಾನ್ಸರ್ ಬೇಗನೆ ಹರಡುತ್ತದೆ. ಮೊದಲು ಹೋಗುವುದು ಶ್ವಾಸಕೋಶಕ್ಕೆ, ಯೋನಿಗೂ ಇಳಿಯಬಹುದು, ತಡಮಾಡಿದರೆ ಯಕೃತ್ತಿಗೂ ಮಿದುಳಿಗೂ ಹೋಗಬಹುದು.

ಎಕ್ಸ್‌ರೇಯಲ್ಲಿ ಗಡ್ಡೆಯೊಂದು ಚೆನ್ನಾಗಿ ಕಾಣಬೇಕಾದರೆ ಅದು ಸುಮಾರು ಒಂದು ಸೆಂಟಿಮೀಟರಿನಷ್ಟಾದರೂ ಬೆಳೆದಿರಬೇಕು. ಅಷ್ಟು ಬೆಳೆಯುವ ಹೊತ್ತಿಗೆ ಅದರಲ್ಲಿ ನೂರು ಕೋಟಿಯಷ್ಟು ಕೋಶಗಳು ಸೇರಿರುತ್ತವೆ. ರಕ್ತದ ಎಚ್.ಸಿ.ಜಿ. ಪರೀಕ್ಷೆಯಾದರೋ ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಕೋಶಗಳಿರುವಾಗಲೇ ಸುಳಿವು ಕೊಡುತ್ತದೆ. ಗಣಿಯಲ್ಲಿ ದುಡಿದ ಹಿರಿಯರಿರುವ ಮನೆಗಳಲ್ಲಿ ಇದನ್ನು ವಿವರಿಸುವುದು ಸುಲಭ. ಟನ್ನುಗಟ್ಟಲೆ ಕಲ್ಲಿನಲ್ಲಿ ಕೆಲವೇ ಗ್ರಾಂ ಚಿನ್ನವು ಕಣ್ಣಿಗೆ ಕಾಣದಂತೆ ಅಡಗಿರುತ್ತಿತ್ತು. ಕಲ್ಲಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಬಂದ ಅಂಕಿಯನ್ನು ನೋಡಿಯೇ ಮುಂದೆ ಕೊರೆಯುವ ತೀರ್ಮಾನವಾಗುತ್ತಿತ್ತು. ಕಣ್ಣನ್ನು ನಂಬಿದವರು ಯಾರೂ ಇರಲಿಲ್ಲ.

ಹೀಗೆ ಕ್ಯಾನ್ಸರಿನ ಇರವನ್ನು ರಕ್ತದಲ್ಲಿ ತೋರಿಸುವ ವಸ್ತುವನ್ನು ವೈದ್ಯರು ಟ್ಯೂಮರ್ ಮಾರ್ಕರ್ ಎನ್ನುತ್ತಾರೆ, ನಾವು ಗಡ್ಡೆಸೂಚಕವೆನ್ನೋಣ. ಇಂತಹ ಸೂಚಕಗಳು ಹಲವಿದ್ದರೂ ಎಚ್.ಸಿ.ಜಿ.ಯಷ್ಟು ನಂಬಿಕೆಗೆ ಅರ್ಹವಾದುದು ಮತ್ತೊಂದಿಲ್ಲವೆಂದೇ ಹೇಳಬೇಕು.

ಅಂಕಿಯನ್ನು ಓದುವ ಬಗೆ

ಒಂದೇ ಒಂದು ಪರೀಕ್ಷೆಯಿಂದ ಏನೂ ತಿಳಿಯದು. ಅಂಕಿಗಳ ಸಾಲನ್ನು ನೋಡಬೇಕು. ಒಬ್ಬಾಕೆಯ ಚೀಟಿಯಲ್ಲಿ ೧,೮೦,೦೦೦ ಇದ್ದುದು ಮುಂದಿನ ವಾರ ೨೨,೦೦೦, ಆಮೇಲೆ ೩,೧೦೦, ನಾಲ್ಕನೆಯ ವಾರದಲ್ಲಿ ೨೪೦, ಎಂಟನೆಯ ವಾರದಲ್ಲಿ ೫ಕ್ಕಿಂತ ಕಡಿಮೆ ಎಂದಿದೆಯೆನ್ನಿ. ಇದು ನೆಮ್ಮದಿಯ ಸಾಲು. ಇನ್ನೊಬ್ಬಾಕೆಯದು ೪,೨೦೦, ೪,೦೫೦, ೪,೩೦೦, ೪,೧೮೦ ಎಂದು ಮೂರು ವಾರಗಳ ಕಾಲ ಒಂದೇ ಮಟ್ಟದಲ್ಲಿ ನಿಂತಿದೆ. ಮತ್ತೊಬ್ಬಾಕೆಯದು ೩೧೦ರಿಂದ ೪೨೦ಕ್ಕೆ, ಅಲ್ಲಿಂದ ೬೯೦ಕ್ಕೆ ಎರಡೇ ವಾರಗಳಲ್ಲಿ ಏರಿದೆ. ಈ ಇಬ್ಬರಿಗೂ ಮೈಯಲ್ಲಿ ಯಾವ ತೊಂದರೆಯೂ ಇಲ್ಲದಿರಬಹುದು, ಗದ್ದೆ ಕೆಲಸಕ್ಕೂ ಹೋಗುತ್ತಿರಬಹುದು. ಆದರೂ ಇವರಿಗೆ ಚಿಕಿತ್ಸೆಯು ಬೇಕು. ನಾಲ್ಕು ಅಳತೆಗಳು ಮೂರು ವಾರ ಒಂದೇ ಮಟ್ಟದಲ್ಲಿ ನಿಂತರೂ, ಮೂರು ಅಳತೆಗಳು ಎರಡು ವಾರಗಳಲ್ಲಿ ನೂರಕ್ಕೆ ಹತ್ತರಂತೆ ಮೀರಿ ಏರಿದರೂ ಅದನ್ನು ಕ್ಯಾನ್ಸರೆಂದೇ ಭಾವಿಸಿ ಮುಂದುವರಿಯಬೇಕೆಂಬುದು ಜಗತ್ತಿನಾದ್ಯಂತ ಸ್ತ್ರೀರೋಗ ತಜ್ಞರು ಒಪ್ಪಿರುವ ನಿಯಮ. ಗಡ್ಡೆಯ ತುಂಡನ್ನು ಕತ್ತರಿಸಿ ನೋಡದೆಯೇ, ರಕ್ತದ ಲೆಕ್ಕವೊಂದರಿಂದಲೇ ಚಿಕಿತ್ಸೆಯನ್ನು ಆರಂಭಿಸಬಹುದಾದ ಕ್ಯಾನ್ಸರುಗಳು ತೀರ ವಿರಳ, ಇದು ಅವುಗಳಲ್ಲೊಂದು.

ಪ್ರತಿ ವಾರವೂ ಪರೀಕ್ಷೆ ಮಾಡಿಸಬೇಕು. ಮೂರು ವಾರ ಸತತವಾಗಿ ೫ರ ಕೆಳಗೆ ಬಂದ ಮೇಲೆ ತಿಂಗಳಿಗೊಮ್ಮೆ ಸಾಕು. ಹಿಂದೆ ಆರು ತಿಂಗಳು, ಕೆಲವೆಡೆ ಒಂದು ವರ್ಷವೂ ಹೀಗೆ ನೋಡುತ್ತಿದ್ದರು. ಪೂರ್ಣ ಗೊಂಚಲಿಗೆ ಮೂರು ತಿಂಗಳು, ಅಪೂರ್ಣಕ್ಕೆ ಇನ್ನೊಂದು ತಿಂಗಳು ಸಾಕೆಂದು ಈಚಿನ ಅಂತರರಾಷ್ಟ್ರೀಯ ಸಲಹೆಗಳು ಹೇಳುತ್ತವೆ. ನಿಮ್ಮನ್ನು ನೋಡುತ್ತಿರುವ ವೈದ್ಯರು ಎಷ್ಟು ಹೇಳುತ್ತಾರೋ ಅಷ್ಟನ್ನು ಪೂರೈಸಿರಿ. ಸಾಧ್ಯವಾದಷ್ಟೂ ಒಂದೇ ಪ್ರಯೋಗಶಾಲೆಯಲ್ಲಿ ಮಾಡಿಸಿರಿ. ಯಂತ್ರ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ.

ಮೂತ್ರದ ಪಟ್ಟಿಯನ್ನು ಇದಕ್ಕೆ ಬಳಸಬಾರದೇ ಎಂದು ಅನೇಕರು ಕೇಳುತ್ತಾರೆ. ಪಟ್ಟಿಯು ಇದೆ, ಇಲ್ಲ ಎಂದಷ್ಟೇ ಹೇಳೀತು. ಎಷ್ಟಿದೆ, ಇಳಿಯುತ್ತಿದೆಯೇ ಏರುತ್ತಿದೆಯೇ ಎಂದು ಹೇಳಲಾರದು. ವಿಚಿತ್ರವೆಂದರೆ ಹಾರ್ಮೋನು ಲಕ್ಷಗಟ್ಟಲೆ ಏರಿದಾಗ ಪಟ್ಟಿಯು ಅದನ್ನು ಹಿಡಿಯಲಾರದೆ ಒಂದೇ ಗೆರೆಯನ್ನು ತೋರಿಸುವುದೂ ಉಂಟು.

ಒಂದು ಮನೆಯ ಸಂಗತಿ

ಬಂಗಾರಪೇಟೆ ತಾಲ್ಲೂಕಿನ ಹಳ್ಳಿಯೊಂದರ ದಂಪತಿಗಳ ವಿಷಯವನ್ನು ಇಲ್ಲಿ ಹೇಳುತ್ತೇನೆ. ಹೆಸರು ಬೇಡ. ಹೆಂಡತಿಗೆ ಇಪ್ಪತ್ನಾಲ್ಕು ವರ್ಷ, ಒಂದು ಹೆಣ್ಣು ಮಗುವಿತ್ತು. ಎರಡನೆಯ ಸಲ ಗೊಂಚಲು ಗರ್ಭವಾಗಿ ತೆಗೆಸಲಾಯಿತು. ಮೊದಲ ವಾರದ ಅಂಕಿ ೯೬,೦೦೦. ಎರಡನೆಯ ವಾರದ್ದು ೧೧,೪೦೦. ಇಳಿಯುತ್ತಿದೆಯಲ್ಲಾ, ಆಕೆಯೂ ಚೆನ್ನಾಗಿದ್ದಾಳಲ್ಲಾ ಎಂದು ಮೂರನೆಯ ವಾರ ಅವರು ಬರಲಿಲ್ಲ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ, ಇವೆಲ್ಲವೂ ನಿಜವಾದ ಕಾರಣಗಳೇ. ಜೊತೆಗೆ, ಗಂಡು ಮಗು ಬೇಗನೆ ಆಗಲಿ ಎಂಬ ಒತ್ತಾಯವೂ ಮನೆಯಲ್ಲಿತ್ತು.

ನಾಲ್ಕು ತಿಂಗಳು ಕಳೆಯಿತು. ಮುಟ್ಟು ನಿಂತಿತು. ಪಟ್ಟಿಯಲ್ಲಿ ಎರಡು ಗೆರೆ ಬಂದಿತು. ಅತ್ತೆಯು ಬೀದಿಗೆಲ್ಲ ಸಕ್ಕರೆ ಹಂಚಿದರು. ಅದೇ ದಿನಗಳಲ್ಲಿ ಆಕೆಗೆ ಕೆಮ್ಮು ಶುರುವಾಗಿ, ಕಫದಲ್ಲಿ ರಕ್ತ ಕಾಣಿಸಿತು. ಆ ಮನೆಗೆ ಕೆಮ್ಮು ಹೊಸದಲ್ಲ. ಮಾವನವರು ೨೦೦೧ರಲ್ಲಿ ಗಣಿ ಮುಚ್ಚುವ ತನಕ ಸುರಂಗದಲ್ಲಿ ದುಡಿದವರು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ವರ್ಷಗಳಿಂದ ಕೆಮ್ಮುತ್ತಿದ್ದರು. ಅವರಿಂದ ಸೊಸೆಗೆ ಕ್ಷಯವು ಅಂಟಿತೆಂದು ಎಲ್ಲರೂ ತಿಳಿದರು. ಧೂಳಿನ ಕಾಯಿಲೆಯು ಅಂಟುವುದಿಲ್ಲ. ಆದರೆ ಆ ಕಾಯಿಲೆಯವರಿಗೆ ಕ್ಷಯವು ಬೇಗ ತಗಲುವುದರಿಂದ ಅವರ ಊಹೆಯು ಪೂರ್ಣ ತಪ್ಪೆನ್ನಲೂ ಆಗದು. ಕಫವನ್ನು ಎರಡು ಸಲ ಪರೀಕ್ಷಿಸಿದರೂ ಕ್ಷಯದ ರೋಗಾಣು ಸಿಗಲಿಲ್ಲ.

ನನ್ನ ಬಳಿಗೆ ಬಂದಾಗ ಮೊದಲು ನಾನೂ ಕ್ಷಯವೆಂದೇ ಎಣಿಸಿದ್ದೆ. ಗರ್ಭಿಣಿಯೆಂದು ಎಕ್ಸ್‌ರೇಗೆ ಹಿಂಜರಿದು, ಹಿಂದಿನ ಹೆರಿಗೆಯ ವಿಚಾರವನ್ನು ಕೇಳುತ್ತಿರುವಾಗ ಆಕೆಯು ಸೆರಗಿನ ಗಂಟಿನಿಂದ ಆ ಹಳೆಯ ಚೀಟಿಯನ್ನು ತೆಗೆದು ಕೊಟ್ಟಳು. ಆ ಚೀಟಿಯೊಂದು ಇರದಿದ್ದರೆ ಎಷ್ಟು ದಿನ ಕಳೆಯುತ್ತಿತ್ತೋ! ಸ್ಕ್ಯಾನಿಂಗಿನಲ್ಲಿ ಮಗುವಿರಲಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಎರಡೂ ಬದಿಗಳಲ್ಲಿ ದುಂಡನೆಯ ಮೂರು ನೆರಳುಗಳಿದ್ದವು. ರಕ್ತದ ಅಂಕಿ ೬೮,೦೦೦ಕ್ಕೆ ಏರಿತ್ತು.

“ಎರಡು ಗೆರೆ ಬಂದೈತಲ್ಲ ಸಾರ್, ಕೂಸಿಲ್ಲ ಅಂದ್ರೆ ಹೆಂಗೆ?” ಎಂದು ಅತ್ತೆಯು ಕೇಳಿದರು. ಗೆರೆಯನ್ನು ಎಳೆದದ್ದು ಶ್ವಾಸಕೋಶದಲ್ಲಿ ಬೆಳೆಯುತ್ತಿರುವ ಮಾಸಿನ ಕೋಶಗಳು ಎಂದು ಅವರಿಗೆ ತಿಳಿಸಿಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ಆಕೆಯನ್ನು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಗೆ ಕಳುಹಿಸಲಾಯಿತು.

ಹರಡಿದ ಮೇಲೂ ಗುಣವಾಗುವ ಕ್ಯಾನ್ಸರ್

ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್ ಎಂದ ಕೂಡಲೇ ಜನರು ಆಸೆಯನ್ನು ಬಿಟ್ಟುಬಿಡುತ್ತಾರೆ. ಇಲ್ಲಿ ಹಾಗೆ ಮಾಡಬೇಕಾಗಿಲ್ಲ. ರೋಗಿಯ ವಯಸ್ಸು, ಹಿಂದಿನ ಗರ್ಭ, ಕಳೆದ ತಿಂಗಳುಗಳು, ಎಚ್.ಸಿ.ಜಿ. ಅಂಕಿ, ಎಲ್ಲೆಲ್ಲಿ ಎಷ್ಟು ಗಡ್ಡೆಗಳಿವೆ ಎಂಬುವನ್ನೆಲ್ಲ ಕೂಡಿಸಿ ವೈದ್ಯರು ಒಂದು ಮೊತ್ತವನ್ನು ಹಾಕುತ್ತಾರೆ. ಮೊತ್ತವು ೬ ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆಯೆಂದು ಲೆಕ್ಕ. ಅಂತಹವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಗುಣವಾಗುತ್ತಾರೆ. ಮೊತ್ತವು ಹೆಚ್ಚಿದ್ದರೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡಬೇಕಾಗುತ್ತದೆ. ಅವರಲ್ಲಿಯೂ ಬಹುಪಾಲು ಮಂದಿ ಬದುಕುತ್ತಾರೆ.

ಕಡಿಮೆ ಅಪಾಯದವರಿಗೆ ಕೊಡುವ ಮುಖ್ಯ ಔಷಧಿ ಮೆಥೋಟ್ರೆಕ್ಸೇಟ್. ಇದರ ಹಿಂದೆ ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿದ ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಮದರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ಅವರು ಲೆಡರ್ಲಿ ಪ್ರಯೋಗಾಲಯದಲ್ಲಿ ನಡೆಸಿದ ತಂಡದಿಂದಲೇ ೧೯೪೦ರ ದಶಕದಲ್ಲಿ ಈ ಜಾತಿಯ ಔಷಧಿಗಳು ಹೊರಬಂದವು. ೧೯೫೬ರಲ್ಲಿ ಮಿನ್ ಚಿಯು ಲಿ ಎಂಬ ಚೀನಾ ಮೂಲದ ವೈದ್ಯರೂ ರಾಯ್ ಹರ್ಟ್ಸ್ ಅವರೂ ಮಾಸಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದ ಹೆಂಗಸರಿಗೆ ಇದನ್ನು ಕೊಟ್ಟು, ಗಡ್ಡೆಗಳು ಕರಗಿದುದನ್ನು ಪ್ರಕಟಿಸಿದರು.

ಲಿ ಅವರು ಮಾಡಿದ ಒಂದು ಕೆಲಸವು ಈ ಪಾಠಕ್ಕೆ ನೇರವಾಗಿ ಸಂಬಂಧಿಸಿದೆ. ಎಕ್ಸ್‌ರೇಯು ಶುಭ್ರವಾದ ಮೇಲೂ ರೋಗಿಯಲ್ಲಿ ಹಾರ್ಮೋನಿನ ಅಂಶವು ಸ್ವಲ್ಪ ಉಳಿದಿರುವುದನ್ನು ಅವರು ಗಮನಿಸಿದರು. ಅದು ಪೂರ್ತಿ ಅಳಿಯುವ ತನಕ ಔಷಧಿಯನ್ನು ನಿಲ್ಲಿಸಲಿಲ್ಲ. ಕಣ್ಣಿಗೆ ಕಾಣದ ರೋಗಕ್ಕೆ ವಿಷದಂತಹ ಔಷಧಿಯೇಕೆಂದು ಮೇಲಿನವರು ಆಕ್ಷೇಪಿಸಿದರು. ಲಿ ಅವರು ಆ ಸಂಸ್ಥೆಯನ್ನು ಬಿಡಬೇಕಾಯಿತು. ಬೇಗ ನಿಲ್ಲಿಸಿದವರಲ್ಲಿ ರೋಗವು ಮರಳಿತು. ಅಂಕಿಯು ಅಳಿಯುವ ತನಕ ಔಷಧಿ ಪಡೆದವರು ಉಳಿದರು. ೧೯೭೨ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿಯು ದೊರೆಯಿತು. ಅಂಕಿಯು ಸಹಜಕ್ಕೆ ಬಂದ ಮೇಲೂ ಎರಡು ಮೂರು ಸುತ್ತು ಹೆಚ್ಚಾಗಿ ಕೊಡುವ ಇಂದಿನ ಪದ್ಧತಿಯು ಅದೇ ವಿಚಾರದಿಂದ ಬಂದದ್ದು.

ಸಾಮಾನ್ಯವಾಗಿ ಒಂದು ದಿನ ಬಿಟ್ಟು ಒಂದು ದಿನ ನಾಲ್ಕು ಸೂಜಿಮದ್ದು, ನಡುವಿನ ದಿನಗಳಲ್ಲಿ ಫೋಲಿನಿಕ್ ಆಮ್ಲದ ಮಾತ್ರೆ. ಹೀಗೆ ಎರಡು ವಾರಕ್ಕೊಂದು ಸುತ್ತು. ಬಾಯಿಹುಣ್ಣು, ಆಯಾಸ ಬರಬಹುದು. ಈ ಔಷಧಿಗೆ ಸಾಮಾನ್ಯವಾಗಿ ತಲೆಗೂದಲು ಪೂರ್ತಿ ಉದುರುವುದಿಲ್ಲ. ಇಲ್ಲಿ ನಮ್ಮ ಹಳ್ಳಿಗಳಿಗೆ ಮುಖ್ಯವಾದ ಒಂದು ಎಚ್ಚರಿಕೆ. ಉಪಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇದೆ. ಮೆಥೋಟ್ರೆಕ್ಸೇಟ್ ಕೆಲಸ ಮಾಡುವುದೇ ಫೋಲಿಕ್ ಆಮ್ಲಕ್ಕೆ ಅಡ್ಡ ಬಂದು. ಆದುದರಿಂದ ಚಿಕಿತ್ಸೆಯ ಅವಧಿಯಲ್ಲಿ ವೈದ್ಯರನ್ನು ಕೇಳದೆ ಆ ಮಾತ್ರೆಯನ್ನು ನುಂಗಬಾರದು. ಆಸ್ಪತ್ರೆಯವರು ಕೊಡುವ ಫೋಲಿನಿಕ್ ಮಾತ್ರೆಯೇ ಬೇರೆ, ಅದನ್ನು ಬಿಡಬಾರದು. ಮೈಕೈ ನೋವಿನ ಮಾತ್ರೆಗಳನ್ನೂ ಅಂಗಡಿಯಿಂದ ತಂದು ತೆಗೆದುಕೊಳ್ಳಕೂಡದು.

ಹೇಳಿದ ಆ ಹೆಣ್ಣುಮಗಳ ಅಂಕಿಯು ಐದನೆಯ ಸುತ್ತಿಗೆ ೫ರ ಕೆಳಗೆ ಇಳಿಯಿತು. ಆಮೇಲೆ ಮೂರು ಸುತ್ತು ಹೆಚ್ಚಾಗಿ ಕೊಟ್ಟರು. ಈ ಸಲ ಒಂದು ಪರೀಕ್ಷೆಯೂ ತಪ್ಪಲಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಗಾರರನ್ನು ತುಂಬಿಕೊಂಡು ಹೋಗುವ ಬೆಳಗಿನ ರೈಲಿನಲ್ಲಿ ಗಂಡನೇ ಕರೆದುಕೊಂಡು ಹೋಗುತ್ತಿದ್ದ.

ಈ ಅವಧಿಯಲ್ಲಿ ಗರ್ಭ ಏಕೆ ಬೇಡ?

ಲೆಕ್ಕ ಮುಗಿಯುವ ಮೊದಲೇ ಹೊಸ ಗರ್ಭ ನಿಂತರೆ ಎಚ್.ಸಿ.ಜಿ. ಏರುತ್ತದೆ. ಏರಿದ್ದು ಹೊಸ ಮಗುವಿನ ಮಾಸಿನಿಂದಲೋ ಹಳೆಯ ರೋಗದಿಂದಲೋ ಎಂದು ಯಾವ ವೈದ್ಯನೂ ರಕ್ತವನ್ನು ನೋಡಿ ಹೇಳಲಾರ. ನಮ್ಮ ಕೈಯಲ್ಲಿದ್ದ ಒಂದೇ ದೀಪವು ಆರಿಹೋದಂತಾಗುತ್ತದೆ. ಗರ್ಭನಿರೋಧವು ಇಲ್ಲಿ ಸಂಸಾರವನ್ನು ಚಿಕ್ಕದಾಗಿಡುವ ಮಾತಲ್ಲ, ಚಿಕಿತ್ಸೆಯ ಒಂದು ಭಾಗ. ಬರಿಯ ಗೊಂಚಲು ತೆಗೆಸಿದವರು ರಕ್ತಪರೀಕ್ಷೆಯ ಅವಧಿಯು ಪೂರ್ಣವಾಗುವವರೆಗೂ, ಔಷಧಿ ಪಡೆದವರು ಅದು ಮುಗಿದ ಮೇಲೆ ಒಂದು ವರ್ಷದವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ನಿರೋಧ್ ಬಳಸಬಹುದು. ಮಾಲಾ-ಎನ್ ನುಂಗುವ ಗುಳಿಗೆಯನ್ನು ಗೊಂಚಲು ತೆಗೆಸಿದ ಮೇಲೆ ತಡವಿಲ್ಲದೆ ಆರಂಭಿಸಬಹುದು. ಗುಳಿಗೆಯಿಂದ ರೋಗ ಹೆಚ್ಚುವುದೆಂಬ ಶಂಕೆ ಹಿಂದೆ ವೈದ್ಯರಲ್ಲಿಯೇ ಇತ್ತು. ಆಮೇಲಿನ ಅಧ್ಯಯನಗಳಲ್ಲಿ ಅದು ಸ್ಥಿರಪಡಲಿಲ್ಲ. ರಕ್ತದ ಒತ್ತಡ ಮೊದಲಾದ ತೊಂದರೆಗಳಿರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ವಂಕಿಯನ್ನು ಮಾತ್ರ ಅಂಕಿಯು ಸಹಜಕ್ಕೆ ಬರುವ ಮೊದಲು ಹಾಕಿಸಬಾರದು. ಗರ್ಭಕೋಶದ ಗೋಡೆಯಲ್ಲಿ ರೋಗವು ಉಳಿದಿದ್ದರೆ ತೂತಾಗುವ, ರಕ್ತಸ್ರಾವವಾಗುವ ಭಯವಿದೆ. ಮೂರು ತಿಂಗಳಿಗೊಮ್ಮೆ ಕೊಡುವ ಸೂಜಿಮದ್ದಿನಿಂದ ಅಕಾಲದಲ್ಲಿ ರಕ್ತ ಕಾಣಿಸಿಕೊಂಡು ರೋಗದ ಲಕ್ಷಣವೋ ಔಷಧಿಯದೋ ತಿಳಿಯದಂತಾಗುವುದರಿಂದ ವೈದ್ಯರೊಡನೆ ಮಾತನಾಡಿ ತೀರ್ಮಾನಿಸಿರಿ.

ಮಕ್ಕಳು ಸಾಕೆನ್ನುವವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಗಂಡನು ಮಾಡಿಸಿಕೊಳ್ಳುವುದು ಇನ್ನೂ ಸರಳ; ಆದರೆ ಅದಾದ ಮೇಲೆ ಮೂರು ತಿಂಗಳು ಕಳೆದು, ವೀರ್ಯ ಪರೀಕ್ಷೆಯಾಗುವ ತನಕ ನಿರೋಧ್ ಬಿಡಬಾರದು. ಆಪರೇಷನ್ ಆಯಿತಲ್ಲ, ಗರ್ಭಕೋಶವನ್ನೇ ತೆಗೆಸಿಯಾಯಿತಲ್ಲ, ಇನ್ನೇಕೆ ರಕ್ತಪರೀಕ್ಷೆ ಎಂದು ಕೇಳುವವರುಂಟು. ಕೋಶಗಳು ಅಷ್ಟರೊಳಗೇ ರಕ್ತದಲ್ಲಿ ಸೇರಿ ಹೊರಟುಹೋಗಿರಬಹುದು. ಪರೀಕ್ಷೆಯು ಅವರಿಗೂ ತಪ್ಪದು.

ಇತರ ಸೂಚಕಗಳ ಬಗ್ಗೆ ಒಂದು ಮಾತು

ರಕ್ತವನ್ನು ಕೊಟ್ಟರೆ ಎಲ್ಲ ಕ್ಯಾನ್ಸರನ್ನೂ ಹೇಳುತ್ತಾರಂತೆ ಎಂಬ ಮಾತು ಈಗ ಹಳ್ಳಿಗಳಿಗೂ ಬಂದಿದೆ. ಇದು ಸರಿಯಲ್ಲ. ೧೯೬೫ರಲ್ಲಿ ಕೆನಡಾದ ಗೋಲ್ಡ್ ಮತ್ತು ಫ್ರೀಡ್ಮನ್ ಎಂಬುವರು ಕಂಡುಹಿಡಿದ ಸಿ.ಇ.ಎ. ಎಂಬ ಸೂಚಕವು ದೊಡ್ಡ ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ ರೋಗವು ಮರಳಿತೇ ಎಂದು ನೋಡಲು ಉಪಯುಕ್ತ. ಆದರೆ ಬೀಡಿ ಸೇದುವವನಲ್ಲಿ ರೋಗವಿಲ್ಲದೆಯೂ ಅದು ಏರಿರಬಹುದು. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿ.ಎ. ೧೨೫ ಎಂಬುದು ಮುಟ್ಟಿನಲ್ಲಿಯೂ ಗರ್ಭದಲ್ಲಿಯೂ ಹೊಟ್ಟೆಯ ಕ್ಷಯದಲ್ಲಿಯೂ ಏರುತ್ತದೆ. ಅಂಕಿಯು ಸಹಜವಾಗಿದ್ದರೂ ಕ್ಯಾನ್ಸರ್ ಇರಬಹುದು. ಈ ಸೂಚಕಗಳ ಮುಖ್ಯ ಬೆಲೆಯಿರುವುದು ರೋಗ ಗೊತ್ತಾದವರಲ್ಲಿ, ಏರಿಳಿತವನ್ನು ನೋಡುವುದಕ್ಕೆ. ಆರೋಗ್ಯವಾಗಿರುವವರು ಇವಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ನಮ್ಮ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನು ಬೇಗ ಪತ್ತೆಹಚ್ಚುವ ರಕ್ತಪರೀಕ್ಷೆಯಿಲ್ಲ. ಅದಕ್ಕೆ ಮೂವತ್ತು ದಾಟಿದವರು ಆರೋಗ್ಯ ಕೇಂದ್ರದಲ್ಲಿ ತಪಾಸಣೆಯನ್ನೇ ಮಾಡಿಸಿಕೊಳ್ಳಬೇಕು.

ಎಚ್.ಸಿ.ಜಿ.ಯೂ ಅಪರೂಪಕ್ಕೆ ಸುಳ್ಳಾಡುತ್ತದೆ. ಕೆಲವರ ರಕ್ತದಲ್ಲಿರುವ ಬೇರೆ ವಸ್ತುವೊಂದು ಯಂತ್ರವನ್ನು ಮೋಸಗೊಳಿಸಿ ಸಣ್ಣ ಅಂಕಿಯನ್ನು ತೋರಿಸುವುದುಂಟು. ಆಗ ಮೂತ್ರದಲ್ಲಿ ಹಾರ್ಮೋನು ಇರುವುದಿಲ್ಲ. ಇದನ್ನು ವೈದ್ಯರು ವಿಂಗಡಿಸಿಕೊಳ್ಳುತ್ತಾರೆ.

ಆಸ್ಪತ್ರೆಗೆ ಹೋಗುವಾಗ

ಪಡಿತರ ಚೀಟಿ, ಆಧಾರ್, ಗರ್ಭ ತೆಗೆಸಿದ ಆಸ್ಪತ್ರೆಯ ಬಿಡುಗಡೆ ಚೀಟಿ, ಪ್ರಯೋಗಶಾಲೆಯ ವರದಿ, ಇಷ್ಟನ್ನೂ ಒಂದೇ ಚೀಲದಲ್ಲಿಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯಕ್ಕಾಗಿ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರವನ್ನು ಕೇಳಿ ಪಡೆಯಿರಿ. ಕ್ಯಾನ್ಸರ್ ರೋಗಿಗೂ ಜೊತೆಯಲ್ಲಿ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿಯಿದೆ; ಅದರ ನಮೂನೆಯನ್ನು ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ತುಂಬಿಸಿಕೊಳ್ಳಬೇಕು. ರಕ್ತ ಗುಂಪು ನೆಗೆಟಿವ್ ಆದವರು ಗೊಂಚಲು ತೆಗೆಸಿದಾಗ ‘ಆಂಟಿ-ಡಿ’ ಸೂಜಿಮದ್ದಿನ ಬಗ್ಗೆ ವಿಚಾರಿಸಲು ಮರೆಯಬಾರದು.

ಗೊಂಚಲು ಗರ್ಭವೇನೂ ಇಲ್ಲದೆ, ಸಾಮಾನ್ಯ ಹೆರಿಗೆಯ ಅಥವಾ ಗರ್ಭಪಾತದ ನಂತರವೂ ಈ ಕ್ಯಾನ್ಸರ್ ಬರುವುದು ಅಪರೂಪವಾಗಿ ಉಂಟು. ಹೆರಿಗೆಯಾಗಿ ವಾರಗಳು ಕಳೆದರೂ ರಕ್ತಸ್ರಾವ ನಿಲ್ಲದಿದ್ದರೆ, ಅಥವಾ ಈಚೆಗೆ ಗರ್ಭ ಧರಿಸಿದ್ದ ಹೆಂಗಸಿನ ಕಫದಲ್ಲಿ ರಕ್ತ ಕಂಡರೆ, ಕ್ಷಯದ ಪರೀಕ್ಷೆಯ ಜೊತೆಗೆ ಈ ರಕ್ತಪರೀಕ್ಷೆಯನ್ನೂ ಮಾಡಿಸಬೇಕೆಂದು ನೀವೇ ವೈದ್ಯರಿಗೆ ನೆನಪಿಸಿರಿ. ಅದರಿಂದ ಯಾವ ವೈದ್ಯನಿಗೂ ಅವಮಾನವಿಲ್ಲ.

ಲೆಕ್ಕ ಮುಗಿದ ಮೇಲೆ ಮತ್ತೆ ಗರ್ಭ ಧರಿಸಬಹುದು. ಔಷಧಿ ಪಡೆದವರಿಗೂ ಆರೋಗ್ಯವಂತ ಮಕ್ಕಳು ಹುಟ್ಟುತ್ತಾರೆ. ಮತ್ತೊಮ್ಮೆ ಗೊಂಚಲು ಆಗುವ ಸಂಭವವು ನೂರಕ್ಕೆ ಒಂದೋ ಎರಡೋ ಅಷ್ಟೆ. ಮುಟ್ಟು ನಿಂತ ಕೂಡಲೇ ಹಳೆಯ ಚೀಟಿಗಳೊಡನೆ ಬಂದು ಬೇಗ ಸ್ಕ್ಯಾನಿಂಗ್ ಮಾಡಿಸಿರಿ. ಹೆರಿಗೆಯಾದ ಆರು ವಾರಕ್ಕೆ ಒಮ್ಮೆ ಎಚ್.ಸಿ.ಜಿ. ನೋಡಿಸಿರಿ. ಬಂಗಾರಪೇಟೆಯ ಆ ದಂಪತಿಗಳು ಒಂದು ವರ್ಷ ಗುಳಿಗೆಯನ್ನು ಬಳಸಿ, ಆಮೇಲೆ ನಿಲ್ಲಿಸಿದರು. ಅವರಿಗೆ ಎರಡನೆಯ ಹೆಣ್ಣು ಮಗು ಹುಟ್ಟಿತು. ಆರು ವಾರದ ಪರೀಕ್ಷೆಯ ಚೀಟಿಯನ್ನು ತಂದು ತೋರಿಸಿದವರು ಅತ್ತೆಯೇ. ಅದರಲ್ಲಿ ೫ಕ್ಕಿಂತ ಕಡಿಮೆ ಎಂದು ಬರೆದಿತ್ತು.